ಕೋಲು ಒಮ್ಮೆ, ಪ್ಯಾಡು ತಿಂಗಳು ತಿಂಗಳು

ಚಿಕ್ಕಮಗಳೂರು ಕಡೆ ಮಕ್ಕಳು ಅಮೆರಿಕದಲ್ಲಿರುವ ಕೆಲವು ಮನೆಗಳಲ್ಲಿ, ಅಡುಗೆಮನೆ ಬಾಗಿಲ ಹಿಂದೆ ನೆಲ ಒರೆಸುವ ಒಂದು ಹಗುರವಾದ ಕೋಲು ಒರಗಿರುತ್ತದೆ. ಹೆಸರು ಸ್ವಿಫರ್. ಸೂಟ್‌ಕೇಸಿನಲ್ಲಿ ತುಂಡು ತುಂಡಾಗಿ ಬಂದದ್ದು. ಜೊತೆಗೆ ಬಂದ, ಒಮ್ಮೆ ಒರೆಸಿ ಎಸೆಯುವ ಪ್ಯಾಡುಗಳು ಮುಗಿದ ಮೇಲೆ ಅದರ ತಲೆಗೆ ಹಳೇ ಬನಿಯನ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ. ನೆಲ ಏನೋ ಚೆನ್ನಾಗೇ ಒರೆಸುತ್ತದೆ. ಆದರೆ ಆ ಕೋಲನ್ನು ಮಾಡಿದ್ದು ಬನಿಯನ್ನಿಗಾಗಿ ಅಲ್ಲ.

ಕೋಲು ಒಮ್ಮೆ ಮಾರಿ, ಎಸೆಯುವ ಪ್ಯಾಡನ್ನು ಜೀವನಪೂರ್ತಿ ಮಾರುವ ಈ ಲೆಕ್ಕ ಹಳೆಯದು. ಜಿಲೆಟ್ ಕಂಪನಿ ರೇಜರ್ ಮಾರಲು ಶುರು ಮಾಡಿದ್ದು 1903ರಲ್ಲಿ. ರೇಜರಿನ ಹಿಡಿ ಪುಕ್ಕಟೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡಿದರು ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಆಗ ರೇಜರ್ ಬೆಲೆ 5 ಡಾಲರ್, ಆ ಕಾಲಕ್ಕೆ ದುಬಾರಿಯೇ. 1921ರಲ್ಲಿ ಪೇಟೆಂಟ್ ಮುಗಿದು ಪೈಪೋಟಿ ಬಂದ ಮೇಲೇ ಹಿಡಿ ಅಗ್ಗವಾಗಿದ್ದು. ಅಲ್ಲಿಂದ ಮುಂದೆ ಈ ಲೆಕ್ಕ ಪ್ರಿಂಟರ್ ಇಂಕಿಗೆ, ಸೊಳ್ಳೆ ಮಷಿನ್ನಿಗೆ, ಎಲ್ಲಕ್ಕೂ ಬಂತು.

ನೆಲಕ್ಕೆ ಬಂದಿದ್ದು ತೊಂಬತ್ತರ ದಶಕದಲ್ಲಿ. ಜಪಾನಿನಲ್ಲಿ ಕಾವೊ ಕಂಪನಿ 1994ರಲ್ಲೇ ಇಂಥದ್ದನ್ನು ಮಾರಿತ್ತು. ಅಮೆರಿಕದಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಗೆ ಕೆಲಸ ಮಾಡುತ್ತಿದ್ದ ಕಾಂಟಿನ್ಯೂಮ್ ಎಂಬ ಡಿಸೈನ್ ಸಂಸ್ಥೆಯವರು ಜನ ಹೇಗೆ ನೆಲ ಒರೆಸುತ್ತಾರೆಂದು ಮನೆಮನೆಗೆ ಹೋಗಿ ನೋಡಿದರು. ನೆಲ ಒರೆಸುವುದಕ್ಕಿಂತ ಮಾಪ್ ತೊಳೆಯುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತಿತ್ತು. ಒಂದು ಮನೆಯಲ್ಲಿ ಕಾಫಿ ಪುಡಿ ಚೆಲ್ಲಿತ್ತಂತೆ. ಆ ಹೆಂಗಸು ಗುಡಿಸಿ, ಉಳಿದದ್ದನ್ನು ಒದ್ದೆ ಪೇಪರ್ ಟವೆಲಿನಲ್ಲಿ ಒರೆಸಿ ಎಸೆದಳಂತೆ. (ಕಾಫಿ ಪುಡಿಯ ಪಾತ್ರ ಕೇಳಿ ನಮ್ಮೂರಿನವರಿಗೆ ಖುಷಿಯಾಗಬಹುದು.) ಆ ಪೇಪರಿಗೆ ಕೋಲು ಸಿಕ್ಕಿಸಿದರೆ ಸ್ವಿಫರ್. 1999ರಲ್ಲಿ ಅಂಗಡಿಗೆ ಬಂತು.

ಅದು ಕೆಟ್ಟ ವಸ್ತುವೇನಲ್ಲ, ಹೇಳಲೇಬೇಕು. ಅದರ ಒಣ ಪ್ಯಾಡಿನ ಸಿಂಥೆಟಿಕ್ ಎಳೆಗಳು ಧೂಳನ್ನು ಎಬ್ಬಿಸದೆ ಹಿಡಿದುಕೊಳ್ಳುತ್ತವೆ. ಸೊಂಟ ಬಗ್ಗಿಸಲಾಗದವರಿಗೆ ಅದು ವರವೇ. ಆದರೆ ಮುಂದೆ ಬಂದ ವೆಟ್‌ಜೆಟ್ ನೋಡಿ. ಕೋಲಿಗೇ ದ್ರಾವಣದ ಬಾಟಲಿ, ಬಟನ್ ಒತ್ತಿದರೆ ಚಿಮ್ಮುತ್ತದೆ. ಬಾಟಲಿ ಖಾಲಿಯಾದರೆ ನೀವೇ ತುಂಬುವ ಹಾಗಿಲ್ಲ, ಮುಚ್ಚಳ ತಿರುಗಿಸಿ ತೆಗೆಯಲು ಬರುವುದಿಲ್ಲ. ಜನ ಬಿಡುತ್ತಾರಾ? ಬಾಟಲಿ ತಲೆಕೆಳಗೆ ಮಾಡಿ, ಮುಚ್ಚಳವನ್ನು ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದುತ್ತಾರೆ. ಒಳಗಿನ ಹಲ್ಲುಗಳು ಮೆತ್ತಗಾಗುತ್ತವೆ, ಬಟ್ಟೆ ಹಿಡಿದು ತಿರುಗಿಸಿದರೆ ಮುಚ್ಚಳ ಬರುತ್ತದೆ. ಹಲ್ಲು ಕತ್ತರಿಸಿ ವಾಪಸ್ ಹಾಕಿದರೆ ಮುಂದೆ ವಿನೆಗರ್ ನೀರನ್ನೂ ತುಂಬಬಹುದು. ಪ್ಯಾಡಿನ ಬದಲು ನೂಲಿನ ಕವಚ ಹೆಣೆದುಕೊಂಡವರೂ ಇದ್ದಾರೆ. ತೆರೆಯಬಾರದೆಂದೇ ಮಾಡಿದ ಮುಚ್ಚಳವನ್ನು ಜನ ಬಿಸಿನೀರಲ್ಲಿ ತೆರೆಯುತ್ತಿದ್ದಾರೆಂದರೆ, ಅನುಕೂಲದ ಹೆಸರಲ್ಲಿ ಮಾರಿದ್ದೆಲ್ಲ ಅನುಕೂಲವಲ್ಲ ಅಲ್ವಾ?

ನಮ್ಮ ಕಡೆ ಆ ಪ್ಯಾಡು ನಡೆಯಲಿಲ್ಲ. ಪರಿಸರ ಕಾಳಜಿ ಅಂತ ಬೆನ್ನು ತಟ್ಟಿಕೊಳ್ಳುವುದು ಬೇಡ. ಬಟ್ಟೆ ಹಿಂಡಲು ಇನ್ನೊಬ್ಬರ ಕೈ ಅಗ್ಗಕ್ಕೆ ಸಿಗುತ್ತಿತ್ತು, ಅಷ್ಟೇ. ತೋಟದ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ಕೂತು ಒರೆಸುವವರು ಇದ್ದರು. ಟೈಲ್ಸ್ ಬಂತು, ಹೋಮ್‌ಸ್ಟೇ ಬಂತು, ಕೆಲಸದವರು ಸಿಗುವುದು ಕಷ್ಟವಾಯಿತು. ಆಗಲೂ ನಾವು ತಗೊಂಡಿದ್ದು ತೊಳೆದು ಮತ್ತೆ ಹಾಕುವ ಮೈಕ್ರೋಫೈಬರ್ ತಲೆಯ ಮಾಪನ್ನು.

ಎಸೆಯುವುದು ಇಲ್ಲಿಗೆ ಬೇರೆ ದಾರಿಯಲ್ಲಿ ಬಂತು. ತಮಿಳುನಾಡಿನ ಕಡಲೂರಿನಲ್ಲಿ ಹುಟ್ಟಿದ ಶಾಂಪೂ ಸ್ಯಾಶೆ ಎಂಬತ್ತರ ದಶಕದಲ್ಲಿ ಹಳ್ಳಿ ಅಂಗಡಿಯಲ್ಲೂ ನೇತಾಡತೊಡಗಿತು. ಆಮೇಲೆ ಪಾತ್ರೆ ಜೆಲ್ಲಿಗೆ, ಕೈ ತೊಳೆಯುವ ಲಿಕ್ವಿಡ್ಡಿಗೆ, ನೆಲದ ಕ್ಲೀನರಿಗೆ ರೀಫಿಲ್ ಪೌಚ್ ಬಂತು. ಗಾಡಿಯಲ್ಲಿ ಕ್ಯಾನ್ ಇಟ್ಟುಕೊಂಡು ಬಂದು ನಮ್ಮದೇ ಬಾಟಲಿಗೆ ಫಿನಾಯಿಲ್ ಸುರಿದು ಹೋಗುತ್ತಿದ್ದವರು ಕಡಿಮೆಯಾದರು.

ಗೋಜಲು ಇರುವುದು ಈ ಪೌಚಿನಲ್ಲಿ. ಬಾಟಲಿಗೆ ಹೋಲಿಸಿದರೆ ತೂಕದಲ್ಲಿ ಪ್ಲಾಸ್ಟಿಕ್ ಕಡಿಮೆ, ಅದು ನಿಜ. ಆದರೆ ಬಹಳಷ್ಟು ಪೌಚುಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರ ಅಂಟಿಕೊಂಡಿರುತ್ತವೆ. ಬಿಡಿಸಿ ಕರಗಿಸುವುದು ಕಷ್ಟ. 2016ರ ಕೇಂದ್ರದ ನಿಯಮ ಮರುಬಳಕೆಯಾಗದ ಇಂಥ ಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಎಂದಿತ್ತು. 2018ರಲ್ಲಿ ತಿದ್ದುಪಡಿ ಬಂತು: ಸುಟ್ಟು ಶಾಖ ಪಡೆಯಬಹುದಾದರೆ ಅಥವಾ ಬೇರೆ ಉಪಯೋಗ ಇದ್ದರೆ ಪರವಾಗಿಲ್ಲ. ಅಲ್ಲಿಗೆ ಹೆಚ್ಚುಕಡಿಮೆ ಎಲ್ಲ ಪೌಚೂ ಬಚಾವ್. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ತಟ್ಟೆ, ಚಮಚಕ್ಕೆ ನಿಷೇಧ ಬಂತು, ಪೌಚ್ ಆ ಪಟ್ಟಿಯಲ್ಲಿ ಇರಲಿಲ್ಲ. ಅದೇ ವರ್ಷದ ಇನ್ನೊಂದು ನಿಯಮ, ಪ್ಯಾಕೆಟ್ ಮಾರಿದ ಕಂಪನಿಗಳೇ ಅದರ ಲೆಕ್ಕ ಕೊಡಬೇಕೆಂದು ಹೇಳುತ್ತದೆ. ಲೆಕ್ಕ ಕಾಗದದಲ್ಲಿ ಸರಿಯಾಗಬಹುದು.

ಖಾಲಿ ಬಾಟಲಿಯನ್ನು ಗುಜರಿಯವರು ತೂಕ ಹಾಕಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಪೌಚನ್ನು ಸುಮ್ನೆ ಕೊಟ್ಟರೂ ಮುಟ್ಟುವುದಿಲ್ಲ. ಒಳಗೆ ಅಂಟಂಟು, ಕೊಳ್ಳುವವರಿಲ್ಲ. ಹಾಗಾಗಿ ಅದು ಕಸದ ಗಾಡಿ ಹತ್ತಿ ಇಂದಾವರದ ಕಸ ವಿಲೇವಾರಿ ಘಟಕಕ್ಕೆ ಹೋಗುತ್ತದೆ. ಅಲ್ಲಿ ಬೇರ್ಪಡಿಸುವವರ ಕೈಗೆ ಲಿಂಬೆ ವಾಸನೆಯ ನೊರೆ ಹತ್ತುತ್ತದೆ. ಅವರಿಗೆ ಆ ಪೌಚಿನಿಂದ ಹುಟ್ಟುವುದು ಇನ್ನಷ್ಟು ಕೆಲಸ ಮಾತ್ರ.