‘ಮೇಲಿಂದ ಸೋರ್ತಿಲ್ಲ ಸಾರ್’ ಅನ್ನುವವರಿಗೆ

ಹಳೆ ಸ್ಪೋರ್ಟ್ಸ್ ಕಾರನ್ನು ಬಿಚ್ಚಿ ಮತ್ತೆ ಹೊಸದರಂತೆ ಕಟ್ಟಲು ತಂದವರು ನನಗೆ ಫೋನ್ ಮಾಡುವ ಹೊತ್ತಿಗೆ ತಡವಾಗಿರುತ್ತದೆ. ಕಾರು ಶೆಡ್ಡಿನೊಳಗೆ ಬಂದು ನಿಂತಿರುತ್ತದೆ. ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿರುತ್ತಾರೆ. ಸೀಟುಗಳು ಹಜಾರದಲ್ಲಿ, ಕಾರ್ಬುರೇಟರ್ ಅಡುಗೆಮನೆಯ ಕಟ್ಟೆ ಮೇಲೆ. ಮನೆಯವರು ಆಗಲೇ ಮಾತು ಬಿಟ್ಟಿರುತ್ತಾರೆ. ಅಷ್ಟೆಲ್ಲ ಆದಮೇಲೆ ಯಾರೋ ಒಬ್ಬರು, ‘ಮೊದಲು ಶೆಡ್ ಸರಿ ಮಾಡಿಸ್ಕೊಳ್ಳಿ’ ಅನ್ನುತ್ತಾರೆ. ಆಗ ನನ್ನ ನೆನಪಾಗುತ್ತದೆ.

ನಾನು ಕಟ್ಟಡದ ಇಂಜಿನಿಯರ್. ಚಿಕ್ಕಮಗಳೂರಿನಲ್ಲಿ ಕೂತು ತೋಟದ ಮನೆ, ಲೈನ್ ಮನೆ, ಗೋಡೌನು, ಕಾಫಿ ಕಣ ಮಾಡಿಸುವವನು. ಕಾರು ಬಿಚ್ಚಿ ಕಟ್ಟುವುದು ನನ್ನ ಕಸುಬಲ್ಲ, ಅದನ್ನು ಬಲ್ಲವರು ಬೇರೆ ಇದ್ದಾರೆ. ಆದರೆ ಆ ಕಾರು ನಿಲ್ಲುವ ನಾಲ್ಕು ಗೋಡೆಯ ಬಗ್ಗೆ ಮಾತಾಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಹೋಗಿ ನೋಡಿದಾಗ ಎಲ್ಲರೂ ಹೇಳುವ ಮಾತು ಒಂದೇ. ‘ಶೆಡ್ ಚೆನ್ನಾಗಿದೆ ಸಾರ್, ಮೇಲಿಂದ ಒಂದು ಹನಿ ಸೋರ್ತಿಲ್ಲ. ನೆಲಕ್ಕೊಂದು ಟೈಲ್ಸ್, ಗೋಡೆಗೊಂದು ಪೇಂಟ್, ಎರಡು ಲೈಟು. ಅಷ್ಟೇ ಸಾಕು.’

ಮೇಲಿಂದ ಸೋರುವುದಿಲ್ಲ, ನಿಜ. ಹೆಂಚು ಹಾಕಿಸಿ, ಅದರ ಮೇಲೆ ಶೀಟೂ ಹೊದಿಸಿರುತ್ತಾರೆ. ಮಲೆನಾಡಿನವರಿಗೆ ಸೂರಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಕಾರು ತಿನ್ನುವ ನೀರು ಬರುವುದು ಕೆಳಗಿನಿಂದ ಮತ್ತು ಬಾಗಿಲಿನಿಂದ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಅದಕ್ಕೇ ಈ ಅಂಕಣ.

ನಮ್ಮ ಕಡೆ ಸಮತಟ್ಟು ಜಾಗ ಎಲ್ಲಿದೆ ಹೇಳಿ? ದರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಮನೆ ಕಟ್ಟುತ್ತೇವೆ. ಮನೆಗೆ ಒಳ್ಳೆ ಜಾಗ ಕೊಟ್ಟು, ಉಳಿದ ಮೂಲೆಯಲ್ಲಿ, ದರೆಗೆ ಬೆನ್ನು ಕೊಟ್ಟು ಕಾರ್ ಶೆಡ್ ಎಬ್ಬಿಸುತ್ತೇವೆ. ಜುಲೈ ಬರಲಿ, ಜಲ ಒಡೆಯುತ್ತದೆ. ದರೆಯೊಳಗಿನ ನೀರು ದಾರಿ ಹುಡುಕುತ್ತದೆ. ಹಿಂದಿನ ಗೋಡೆ ಮತ್ತು ನೆಲದ ಅಡಿಯ ಮಣ್ಣು ಅದಕ್ಕೆ ಸಿಗುವ ಮೊದಲ ದಾರಿ. ನೆಲದಲ್ಲಿ ಕಾಂಕ್ರೀಟ್ ಇದೆಯಲ್ಲ ಅನ್ನುತ್ತೀರಿ. ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿರುತ್ತವೆ. ಅವುಗಳ ಮೂಲಕ ನೀರು ತಾನಾಗಿಯೇ ಮೇಲಕ್ಕೆ ಏರುತ್ತದೆ, ಆವಿಯಾಗಿ ಶೆಡ್ಡಿನೊಳಗೆ ಸೇರುತ್ತದೆ. ನೆಲ ಒದ್ದೆಯಾಗಿ ಕಾಣಲೇಬೇಕು ಅಂತಿಲ್ಲ. ಒಣಗಿದಂತೆ ಕಾಣುವ ನೆಲವೇ ದಿನವಿಡೀ ತೇವ ಬಿಡುತ್ತಿರಬಹುದು.

ಕಾಫಿಯವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜದ ಚೀಲವನ್ನು ಯಾರಾದರೂ ಬರಿ ನೆಲದ ಮೇಲೆ ಇಡುತ್ತಾರಾ? ಕೆಳಗೆ ಮರದ ಹಲಗೆ, ಗೋಡೆಯಿಂದ ಒಂದೂವರೆ ಅಡಿ ದೂರ. ತೇವಾಂಶ ನೂರಕ್ಕೆ ಹತ್ತರ ಆಸುಪಾಸು ನಿಲ್ಲಬೇಕು ಅಂತ ಮೀಟರ್ ಹಿಡಿದು ನೋಡುತ್ತಾರೆ. ಅದೇ ಮನುಷ್ಯ ಅಜ್ಜನ ಕಾಲದ ಕಾರನ್ನು ಬರಿ ನೆಲದ ಮೇಲೆ ನಾಲ್ಕು ಜಾಕ್‌ಸ್ಟ್ಯಾಂಡ್ ಇಟ್ಟು ನಿಲ್ಲಿಸಿ, ಮೇಲೆ ಟಾರ್ಪಾಲ್ ಹೊದಿಸಿ ಬರುತ್ತಾರೆ. ನೆಲದಿಂದ ಎದ್ದ ಆವಿಗೆ ಹೊರಗೆ ಹೋಗಲು ಈಗ ದಾರಿಯೂ ಇಲ್ಲ.

ಇನ್ನು ಟೈಲ್ಸ್. ಎಪಾಕ್ಸಿ ಪೇಂಟ್. ಹೊಳೆಯುವ ನೆಲದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅಡಿಯಿಂದ ತೇವ ತಳ್ಳುತ್ತಿರುವ ನೆಲಕ್ಕೆ ಎಪಾಕ್ಸಿ ಬಳಿದರೆ ಅದು ಗುಳ್ಳೆ ಏಳುತ್ತದೆ, ಸಿಪ್ಪೆ ಸುಲಿಯುತ್ತದೆ. ಟೈಲ್ಸ್ ಹಾಕಿದರೆ ಸಂದುಗಳಲ್ಲಿ ಬಿಳಿ ಉಪ್ಪು ಹೂ ಬಿಡುತ್ತದೆ. ಮೇಲ್ಗಡೆ ಮುಚ್ಚುವುದರಿಂದ ಕೆಳಗಿನ ನೀರು ಇಲ್ಲವಾಗುವುದಿಲ್ಲ, ಅದು ಗೋಡೆ ಹತ್ತುತ್ತದೆ ಅಷ್ಟೇ.

ಎರಡನೆಯದು ಗಾಳಿ. ‘ಗಾಳಿ ಆಡಲಿ ಅಂತ ಬಾಗಿಲು ತೆಗೆದೇ ಇಡ್ತೀವಿ ಮಾರಾಯ್ರೇ’ ಅನ್ನುವವರು ಬಹಳ. ಮಾರ್ಚಿನಲ್ಲಿ ಸರಿ. ಜುಲೈನಲ್ಲಿ ಹೊರಗಿನ ಗಾಳಿಯೇ ಒದ್ದೆ. ಲೆಕ್ಕ ಹೇಳುತ್ತೇನೆ. ಗಾಳಿ 24 ಡಿಗ್ರಿ ಇದ್ದು ಅದರ ತೇವಾಂಶ ನೂರಕ್ಕೆ 85 ಇದ್ದರೆ, ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಅದು ನೀರಾಗಿ ಕೂರುತ್ತದೆ. ರಾತ್ರಿಯೆಲ್ಲ ತಣ್ಣಗಾದ ಎರಕದ ಕಬ್ಬಿಣದ ಇಂಜಿನ್ ಬ್ಲಾಕ್ ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ. ನೀವು ಎಂಟು ಗಂಟೆಗೆ ಬಾಗಿಲು ತೆಗೆದು ಬೆಚ್ಚಗಿನ ಒದ್ದೆ ಗಾಳಿಯನ್ನು ಒಳಗೆ ಕರೆಯುತ್ತೀರಿ. ಆ ಗಾಳಿ ಹೋಗಿ ಸಿಲಿಂಡರಿನ ಒಳಮೈ ಮೇಲೆ ಇಬ್ಬನಿಯಾಗುತ್ತದೆ. ಶೀಟಿನ ಅಡಿಮೈ ಬೆವರಿ ಹನಿ ಬೀಳುವುದೂ ಇದೇ ಕಾರಣಕ್ಕೆ. ಅದನ್ನು ಸೋರಿಕೆ ಅಂದುಕೊಂಡು ಶೀಟಿಗೆ ಎಂ-ಸೀಲ್ ಮೆತ್ತಿದವರನ್ನೂ ನೋಡಿದ್ದೇನೆ.

ತುಕ್ಕು ಹಿಡಿಯಲು ನೀರು ಸುರಿಯಬೇಕಾಗಿಲ್ಲ. ಸುತ್ತಲಿನ ಗಾಳಿಯ ತೇವಾಂಶ ನೂರಕ್ಕೆ 60 ದಾಟಿದರೆ ಬರಿ ಉಕ್ಕಿಗೆ ತುಕ್ಕಿನ ವೇಗ ಹೆಚ್ಚುತ್ತದೆ. ನಮ್ಮ ಮಳೆಗಾಲದಲ್ಲಿ 60ರ ಕೆಳಗೆ ಇಳಿಯುವುದು ಯಾವಾಗ?

‘ಇಷ್ಟು ವರ್ಷ ಇದೇ ಶೆಡ್ಡಲ್ಲಿತ್ತಲ್ಲ, ಏನೂ ಆಗಿಲ್ಲ’ ಅನ್ನುವ ವಾದವೂ ಇದೆ. ಅಷ್ಟು ವರ್ಷ ಕಾರಿನ ಮೇಲೆ ಬಣ್ಣ ಇತ್ತು, ಅಡಿಗೆ ಗ್ರೀಸು, ಆಯಿಲ್ಲು, ಮಣ್ಣು ಮೆತ್ತಿತ್ತು. ಈಗ ಅದನ್ನೆಲ್ಲ ತೆಗೆದು ಬರಿ ಲೋಹ ಮಾಡುತ್ತೀರಿ. ಸ್ಯಾಂಡ್ ಬ್ಲಾಸ್ಟ್ ಮಾಡಿದ ತಗಡು ಒದ್ದೆ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ. ಪ್ರೈಮರ್ ಹೊಡೆದಿದ್ದೇವೆ ಅಂತೀರಿ. ಮಾಮೂಲಿ ಬೂದು ಪ್ರೈಮರ್ ನೀರು ಹೀರುತ್ತದೆ. ಪುಟ್ಟಿಯೂ ಹೀರುತ್ತದೆ. ಎಪಾಕ್ಸಿ ಪ್ರೈಮರ್ ಎಷ್ಟೋ ವಾಸಿ, ಆದರೆ ಅದರ ಬಗ್ಗೆ ನಿಮ್ಮ ಪೇಂಟರ್ ಮಾತು ಕೇಳಿ, ನನ್ನದಲ್ಲ. ಒಂದು ಮಳೆಗಾಲ ಬೂದು ಪ್ರೈಮರಿನಲ್ಲಿ ನಿಂತ ಬಾಡಿಯ ಮೇಲೆ ಎಂಥ ಬಣ್ಣ ಹೊಡೆದರೂ ಗುಳ್ಳೆ ಬರುವ ಅಪಾಯ ಇದ್ದೇ ಇದೆ.

ಮೂಡಿಗೆರೆ ಕಡೆಯ ತೋಟದವರೊಬ್ಬರಲ್ಲಿ ಎಂಜಿ ಟಿಡಿ ಇದೆ. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಎರಡು ಸೀಟಿನ ಕಾರು, 1250 ಸಿಸಿ ಇಂಜಿನ್. ಅದರ ಚಾಸಿ, ಅಂದರೆ ಕಾರನ್ನು ಹೊರುವ ಅಡಿಯ ಚೌಕಟ್ಟು, ಉಕ್ಕು. ಆದರೆ ಬಾಡಿಯ ತಗಡಿನ ಒಳಗೆ ಇರುವ ಚೌಕಟ್ಟು ಮರದ್ದು, ಆ್ಯಶ್ ಅನ್ನುವ ಮರ. ಯಜಮಾನರು ಬಾಡಿಯನ್ನು ಚಾಸಿಯಿಂದ ಎತ್ತಿ, ನೆಲದ ಮೇಲೆ ಮರದ ದಿಮ್ಮಿ ಇಟ್ಟು ಅದರ ಮೇಲೆ ಕೂರಿಸಿದ್ದರು. ತುಂಬಾ ಅಚ್ಚುಕಟ್ಟಾಗಿ, ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ. ಶೆಡ್ಡಿನ ನೆಲದಲ್ಲೊಂದು ಬಿರುಕು. ಬಿರುಕಿನಿಂದ ದಿಮ್ಮಿಗೆ, ದಿಮ್ಮಿಯಿಂದ ಬಾಡಿಗೆ, ಮಣ್ಣಿನ ಗೆರೆ ಎಳೆದುಕೊಂಡು ಗೆದ್ದಲು ಹತ್ತಿತ್ತು. ಬಾಗಿಲ ಪಕ್ಕದ ಕಂಬವನ್ನು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಅವರು ನನ್ನನ್ನು ಕರೆದಿದ್ದು ಶೆಡ್ಡಿನೊಳಗೆ ಫಾಲ್ಸ್ ಸೀಲಿಂಗ್ ಹಾಕಿಸಲು. ಅಲ್ಲಿ ಮಾತಾಡಲು ನನಗೂ ಮನಸ್ಸಾಗಲಿಲ್ಲ. ಅಮ್ಮಾವ್ರು ಕಾಫಿ ತಂದುಕೊಟ್ಟರು, ಕುಡಿದು ಚರಂಡಿ ಎಲ್ಲಿ ತೋಡಬೇಕು ಅಂತ ತೋರಿಸಿ ಬಂದೆ.

ಸರಿ, ಕೆಲಸಕ್ಕೆ ಬರೋಣ. ಮೊದಲು ಶೆಡ್ಡಿನ ಹೊರಗೆ. ದರೆಗೂ ಗೋಡೆಗೂ ನಡುವೆ ಒಂದು ಬಸಿಗಾಲುವೆ ಬೇಕು. ಅದರ ತಳ ಶೆಡ್ಡಿನ ನೆಲಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ತೋಡಿಯೂ ಪ್ರಯೋಜನವಿಲ್ಲ. ತೂತಿರುವ ಪೈಪು, ಸುತ್ತ ಜಲ್ಲಿ, ಹೊರಗೆ ಹರಿದುಹೋಗಲು ಇಳಿಜಾರು. ದರೆ ತೀರಾ ಕಡಿದಾಗಿದ್ದರೆ ಗೋಡೆಯ ಬುಡದಲ್ಲಿ ತೋಡುವ ಮೊದಲು ಯಾರಾದರೂ ಬಲ್ಲವರಿಂದ ನೋಡಿಸಿ. ದರೆ ಜರಿದರೆ ಕಾರಲ್ಲ, ಮನೆಯೇ ಹೋಗುತ್ತದೆ.

ಆಮೇಲೆ ನೆಲ. ಹಳೆ ನೆಲ ಒಡೆಯಬೇಕು, ಇದಕ್ಕೆ ಅಡ್ಡದಾರಿ ಇಲ್ಲ ಅಂತಲೇ ಹೇಳುತ್ತೇನೆ. ಕಲ್ಲಿನ ಸೋಲಿಂಗ್, ಗಟ್ಟಿಯಾಗಿ ದಮ್ಮಸ್ಸು, ಗೆದ್ದಲಿನ ಔಷಧಿ, ಮೇಲೆ ತೆಳ್ಳಗೆ ಎಂ-ಸ್ಯಾಂಡ್. ಅದರ ಮೇಲೆ 250 ಮೈಕ್ರಾನಿನ ಪಾಲಿಥೀನ್ ಹಾಳೆ. ಅಂಗಡಿಯಲ್ಲಿ ಸಾವಿರ ಗೇಜ್ ಅಂತ ಕೇಳಿ. ಹಾಳೆಗಳು ಒಂದರ ಮೇಲೊಂದು ಕನಿಷ್ಠ ಅರ್ಧ ಅಡಿ ಹತ್ತಿ, ಟೇಪ್ ಅಂಟಿಸಿ, ಅಂಚು ಗೋಡೆಯ ಮೇಲಕ್ಕೆ ಮಡಚಿ ಬರಬೇಕು. ಈ ಒಂದು ಹಾಳೆಗೋಸ್ಕರ ನಾನು ಮೇಸ್ತ್ರಿಗಳ ಹತ್ತಿರ ಮಾಡಿದಷ್ಟು ಜಗಳ ಬೇರೆ ಯಾವುದಕ್ಕೂ ಮಾಡಿಲ್ಲ. ಮೇಲೆ ನಡೆದಾಡಿ ತೂತು ಮಾಡುತ್ತಾರೆ, ಕಬ್ಬಿಣದ ಮೆಶ್ಶನ್ನು ಅದರ ಮೇಲೆಯೇ ಎಳೆದಾಡುತ್ತಾರೆ. ಕಾಂಕ್ರೀಟ್ ಸುರಿಯುವ ದಿನ ನೀವೇ ಎದುರಿಗೆ ನಿಂತಿರಿ. ಕಾರಿಗೆ ನಾಲ್ಕೈದು ಇಂಚು ದಪ್ಪದ ಎಂ-20 ದರ್ಜೆಯ ಕಾಂಕ್ರೀಟ್ ಸಾಕು. ಎರಡು ಕಂಬದ ಲಿಫ್ಟ್ ಹಾಕಿಸುವ ಆಸೆ ಇದ್ದರೆ, ಆ ಲಿಫ್ಟಿನ ಕಂಪನಿ ಕೊಡುವ ಕೈಪಿಡಿ ನೋಡಿ ದಪ್ಪ, ಕಬ್ಬಿಣ ತೀರ್ಮಾನಿಸಬೇಕು. ಅಂದಾಜಿನ ಮೇಲೆ ಬೇಡ.

ನೆಲ ಮಟ್ಟಸವಾಗಿರುವುದೂ ಮುಖ್ಯ. ಎಂಜಿಯವರದೇ ಎಂಜಿಬಿಯಂಥ ತೆರೆದ ಕಾರಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ಸಿಲ್ಲುಗಳೇ ಅದರ ಬೆನ್ನೆಲುಬು. ತುಕ್ಕು ಹಿಡಿದ ಸಿಲ್ಲನ್ನು ಕತ್ತರಿಸುವಾಗ ಕಾರು ಓರೆಯಾಗಿ ನಿಂತಿದ್ದರೆ ಹಾಗೇ ಬಾಗಿ ವೆಲ್ಡ್ ಆಗಿಬಿಡುತ್ತದೆ, ಬಾಗಿಲು ಮತ್ತೆ ಕೂರುವುದಿಲ್ಲ. ಇದು ನನಗೆ ಕಾರಿನವರು ಹೇಳಿಕೊಟ್ಟ ವಿಷಯ. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಕಾರು ಇಟ್ಟುಕೊಂಡವರು, ‘ನಮ್ಮದು ಫೈಬರ್ ಬಾಡಿ’ ಅಂತ ನಗುತ್ತಾರೆ. ನಗಲಿ, ಒಮ್ಮೆ ಕೆಳಗೆ ಬಗ್ಗಿ ಚಾಸಿಯನ್ನೂ ನೋಡಲಿ.

ಯಾವಾಗ ಮಾಡಿಸಬೇಕು? ಕಾಫಿ ಕೊಯ್ಲಿನಲ್ಲಿ ಆಳು ಸಿಗುವುದಿಲ್ಲ. ರೋಬಸ್ಟಾ ಕೊಯ್ಲು ಇಳಿಮುಖವಾಗುವ ಫೆಬ್ರವರಿ ಕೊನೆಗೆ ನೆಲ ಹಾಕಿದರೆ ಉತ್ತಮ. ಕಾಂಕ್ರೀಟ್ 28 ದಿನಕ್ಕೆ ಗಟ್ಟಿಯಾಗುತ್ತದೆ, ಆದರೆ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಒಂದು ಇಂಚಿಗೆ ಸುಮಾರು ಒಂದು ತಿಂಗಳು ಅನ್ನುವುದು ಒರಟು ಲೆಕ್ಕ, ಅದೂ ಒಣ ಹವೆಯಲ್ಲಿ. ಅಂದರೆ ನಾಲ್ಕಿಂಚಿನ ನೆಲ ಒಣಗುವ ಹೊತ್ತಿಗೆ ಜೂನ್ ತಿಂಗಳ ಮಳೆ ಬಾಗಿಲಿಗೆ ಬಂದಿರುತ್ತದೆ. ಆ ಮಳೆಗಾಲ ಸುಮ್ನೆ ಬಿಡಿ, ನೆಲ ಏನು ಮಾಡುತ್ತದೆ ನೋಡಿ. ಕಾರು ಬಿಚ್ಚುವುದು ದೀಪಾವಳಿ ಆದಮೇಲೆ. ಅರಸೀಕೆರೆ, ಕಡೂರು ಕಡೆಯವರಿಗೆ ಇಷ್ಟು ಕಾಯುವ ಅಗತ್ಯ ಬೀಳಲಿಕ್ಕಿಲ್ಲ. ಸಕಲೇಶಪುರ, ಕೊಪ್ಪ, ಶೃಂಗೇರಿಯವರು ಅವರನ್ನು ನೋಡಿ ಅವಸರ ಮಾಡಬೇಡಿ. ಒಂದೇ ಜಿಲ್ಲೆ ಅಂದಮಾತ್ರಕ್ಕೆ ಒಂದೇ ಮಳೆಯಲ್ಲ.

ಇದನ್ನು ಹೇಳಿದಾಗ ಮುಖ ಕಪ್ಪಿಡುತ್ತದೆ. ‘ಕಾರನ್ನ ಒಂದು ಮೂಲೆಗೆ ತಳ್ಳಿ, ಈ ಕಡೆ ಅರ್ಧ ನೆಲ ಮಾಡಿ, ಆಮೇಲೆ ಆ ಕಡೆ ಮಾಡೋಣ.’ ದಯವಿಟ್ಟು ಬೇಡ. ಸಿಮೆಂಟಿನ ಧೂಳು ತೆರೆದ ಇಂಜಿನ್ನಿಗೆ ಹೋದರೆ ಅದು ಉಜ್ಜುಪುಡಿ. ಜೊತೆಗೆ ಪಾಲಿಥೀನ್ ಹಾಳೆಯ ಜೋಡಣೆ ನಡುಮಧ್ಯೆಯೇ ಬರುತ್ತದೆ. ಕಾರನ್ನು ಅಣ್ಣನ ಮನೆಗೋ ಭಾವನ ಮನೆಗೋ ಕಳಿಸಿ. ಕಾಯುವ ಹೊತ್ತಿನಲ್ಲಿ ಕಾಗದಪತ್ರ ನೋಡಿಕೊಳ್ಳಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಹೆಚ್ಚು ಬದಲಾಯಿಸಿದ ಕಾರಿಗೆ ಅದು ಸಿಗದೆ ಹೋಗಬಹುದು. ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಯಂತ್ರ ಒಳ್ಳೆಯದೇ, ಆದರೆ ನೆಲ, ಸೂರಿನ ಸಂದು, ಬಾಗಿಲು ಎಲ್ಲ ಮುಚ್ಚಿದ ಮೇಲೆ. ಇಲ್ಲವಾದರೆ ನೀವು ಇಡೀ ಮಲೆನಾಡನ್ನು ಒಣಗಿಸಲು ಕರೆಂಟ್ ಬಿಲ್ ಕಟ್ಟುತ್ತೀರಿ. ಬಾನೆಟ್ಟಿನೊಳಗೆ ಬಲ್ಬ್ ಉರಿಸಿಡುವ ಹಳೆ ಉಪಾಯ ಸ್ವಲ್ಪ ಮಟ್ಟಿಗೆ ನಿಜ, ಬಲ್ಬಿನ ಬಿಸಿಗೆ ಕಬ್ಬಿಣ ಬೆಚ್ಚಗಿರುತ್ತಿತ್ತು. ಸಕಲೇಶಪುರದ ಹುಡುಗನೊಬ್ಬ ಅದೇ ಉಪಾಯ ಅಂತ ಎಲ್ಇಡಿ ಬಲ್ಬ್ ಹಾಕಿಟ್ಟಿದ್ದ. ಬೆಳಕು ಚೆನ್ನಾಗಿತ್ತು. ಇಂಜಿನ್ ಕೆಂಪಗಿತ್ತು.

ಕೊನೆಗೆ ಗುಂಡಿ. ಕಾರಿನ ಅಡಿಗೆ ಇಳಿದು ಕೆಲಸ ಮಾಡಲು ನೆಲದಲ್ಲಿ ಗುಂಡಿ ಬೇಕು ಅಂತ ಹಟ ಹಿಡಿಯುತ್ತಾರೆ. ಮನೆಯ ಶೆಡ್ಡಿನಲ್ಲಿ ನಾನು ಮಾಡಿಸುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಇಳಿದು ಕೂರುತ್ತದೆ, ಒಂದು ಕಿಡಿ ಸಾಕು. ಅದೂ ಅಲ್ಲದೆ ಜಲ ಒಡೆಯುವ ಜಾಗದಲ್ಲಿ ಐದು ಅಡಿ ತೋಡಿದರೆ ಅದು ಬಾವಿ. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ಗೋಡೆಗೆ ಅಂಟಿ ಶೆಡ್ ಇದ್ದರಂತೂ ಪೆಟ್ರೋಲ್ ಟ್ಯಾಂಕ್ ಬಿಚ್ಚುವ ಕೆಲಸ ಹೊರಗೆ ಅಂಗಳದಲ್ಲೇ ಆಗಲಿ. ವೈರಿಂಗ್, ಅರ್ಥಿಂಗ್, ಕಂಪ್ರೆಸರಿಗೆ ಬೇರೆ ಲೈನ್, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ, ಇವೆಲ್ಲ ನಿಮ್ಮ ಎಲೆಕ್ಟ್ರಿಷಿಯನ್ನಿಗೆ ಗೊತ್ತು.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಶೆಡ್ಡಿನ ನೆಲ ಗುಡಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಅಂಟಿಸಿ. ರಾತ್ರಿಯೂ ಸೇರಿ 16 ಗಂಟೆಗೆ ಕಡಿಮೆ ಇಲ್ಲದಂತೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲದಿಂದ ತೇವ ಬರುತ್ತಿದೆ. ನಾಲ್ಕೈದು ಕಡೆ ಅಂಟಿಸಿ, ದರೆಯ ಕಡೆಯ ಗೋಡೆ ಹತ್ತಿರ ತಪ್ಪದೆ. ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿ. ಜುಲೈ, ಆಗಸ್ಟಿನ ಫೋಟೋ ಆಗಿರಲಿ. ಏಪ್ರಿಲ್ ತಿಂಗಳಲ್ಲಿ ತೆಗೆದಿದ್ದನ್ನು ಕಳಿಸಿದರೆ ನಾನು ನೋಡುವುದಿಲ್ಲ.