ವಾಲುವ ಗಾಲಿಕುರ್ಚಿ: ಹಿಮ್ಮಡಿ ನೆಲಕ್ಕೆ ಎಟುಕಬೇಕು

ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲಲ್ಲಿ ಸೀಟು ಜೋತುಬಿದ್ದು ನಿಂತಿರುತ್ತದಲ್ಲ, ಆ ಮಡಚುವ ಗಾಲಿಕುರ್ಚಿಯ ವಂಶಾವಳಿ 1930ರ ದಶಕದ ಅಮೆರಿಕದ್ದು. ಗಣಿ ಅಪಘಾತದಲ್ಲಿ ಬೆನ್ನಿಗೆ ಪೆಟ್ಟಾಗಿದ್ದ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್, ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆಗೂಡಿ ಕಾರಿನಲ್ಲಿ ಒಯ್ಯಬಹುದಾದ ಕುರ್ಚಿ ಮಾಡಿದರು. ಮಡಚಬೇಕೆಂದರೆ ಸೀಟಿನಡಿ ಕತ್ತರಿಯಂತೆ ಹಾಯುವ ಕೊಳವೆ ಇರಬೇಕು, ಸೀಟು ಬಟ್ಟೆಯದ್ದೇ ಆಗಬೇಕು. ತೋಳಲ್ಲಿ ಕಸುವಿದ್ದು ನೆಟ್ಟಗೆ ಕೂರಬಲ್ಲವರಿಗೆ ಅದು ಸರಿ. ಆದರೆ ಅದೇ ಅಚ್ಚು ಲೋಕಕ್ಕೆಲ್ಲ ಅಳತೆಯಾಗಿಬಿಟ್ಟಿತು.

ಬೆನ್ನು ಬಾಗಿದ, ಸಣ್ಣ ಆಳಿನ ಅಜ್ಜಿಯೊಬ್ಬರನ್ನು ಅದರಲ್ಲಿ ಕೂರಿಸಿ ನೋಡಿ. ಚಪ್ಪಲಿ ಸೇರಿ ಮಂಡಿಯ ಹಿಂಬದಿಯಿಂದ ನೆಲಕ್ಕೆ 38 ಸೆಂ.ಮೀ. ಇದೆ ಎನ್ನೋಣ. ಸಾಮಾನ್ಯ ಕುರ್ಚಿಯ ಸೀಟು ಸುಮಾರು 50 ಸೆಂ.ಮೀ. ಎತ್ತರ. 5 ಸೆಂ.ಮೀ. ದಿಂಬು ಹಾಕಿದರೆ, ಭಾರಕ್ಕೆ ಕುಗ್ಗಿದ ಮೇಲೂ 4 ಸೆಂ.ಮೀ. ಉಳಿಯುತ್ತದೆ. ಪಾದ ನೆಲದಿಂದ 16 ಸೆಂ.ಮೀ. ಮೇಲೆ ತೂಗಾಡುತ್ತದೆ. ಕಾಲಿನಿಂದ ನೆಲ ಒತ್ತಿ ಮುಂದೆ ಹೋಗಬೇಕೆಂಬ ಆಸೆಯಿಂದ ಅಜ್ಜಿ ಸೊಂಟವನ್ನು ಮುಂದಕ್ಕೆ ಜಾರಿಸುತ್ತಾರೆ. ಈಗ ಭಾರವೆಲ್ಲ ಬೆನ್ನಿನ ಬುಡದ ಮೂಳೆಯ ಮೇಲೆ. ಚರ್ಮ ಹಿಂದೆಯೇ ಅಂಟಿಕೊಂಡು, ಮೂಳೆ ಮಾತ್ರ ಮುಂದೆ ಸರಿಯುವ ಆ ಎಳೆತದಲ್ಲೇ ಒತ್ತುಹುಣ್ಣು ಹುಟ್ಟುವುದು. ನೋಡಿಕೊಳ್ಳುವವರು 'ಅಜ್ಜಿ ಸುಮ್ಮನೆ ಕೂರಲ್ಲ, ಜಾರ್ತಾರೆ' ಎಂದು ಬೆಲ್ಟ್ ಕಟ್ಟುತ್ತಾರೆ. ತಪ್ಪು ಅಜ್ಜಿಯದ್ದಲ್ಲ, ಕುರ್ಚಿಯ ಎತ್ತರದ್ದು.

ಅಮೆರಿಕದ ನರ್ಸಿಂಗ್ ಹೋಮ್‌ಗಳು ಇದಕ್ಕೆ ಕಂಡುಕೊಂಡಿದ್ದ ಮದ್ದು ಜೆರಿ ಚೇರ್: ಮೆತ್ತನೆಯ ದೊಡ್ಡ ಒರಗು ಕುರ್ಚಿ, ಸಣ್ಣ ಗಾಲಿ, ಎದುರಿಗೆ ಅಡ್ಡಹಲಗೆ. ಬೀಳುವ ಭಯವಿಲ್ಲ, ಏಳುವ ದಾರಿಯೂ ಇಲ್ಲ. 1987ರಲ್ಲಿ ಅಲ್ಲಿನ ನರ್ಸಿಂಗ್ ಹೋಮ್ ಸುಧಾರಣಾ ಕಾನೂನು, ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟಿಹಾಕಕೂಡದು ಎಂದಿತು. 1990ರಲ್ಲಿ ಜಾರಿಗೂ ಬಂತು. ಕೂತವರಿಗೆ ತಾವಾಗಿ ಸರಿಸಲಾಗದ ಅಡ್ಡಹಲಗೆಯೂ ಕಟ್ಟುಹಗ್ಗವೇ ಎಂದಾದಾಗ, ಕಟ್ಟದೆಯೇ ಕೂರಿಸುವ ಕುರ್ಚಿ ಬೇಕಾಯಿತು. ತೀವ್ರ ಅಂಗವೈಕಲ್ಯ ಇರುವವರು ಬಳಸುತ್ತಿದ್ದ ಟಿಲ್ಟ್, ಅಂದರೆ ವಾಲುವ ಚೌಕಟ್ಟಿನತ್ತ ಕಣ್ಣು ಹೊರಳಿತು.

ಟಿಲ್ಟ್‌ನಲ್ಲಿ ಸೀಟು ಮತ್ತು ಬೆನ್ನಾಸರೆಯ ನಡುವಿನ ಕೋನ ಬದಲಾಗುವುದಿಲ್ಲ. ಎರಡೂ ಒಟ್ಟಿಗೆ ಹಿಂದಕ್ಕೆ ವಾಲುತ್ತವೆ. ಬೆನ್ನಾಸರೆ ಮಾತ್ರ ಬಿಚ್ಚಿಕೊಳ್ಳುವ ಒರಗು ಕುರ್ಚಿಯಲ್ಲಿ ಆಗುವ ಚರ್ಮದ ಎಳೆತ ಇಲ್ಲಿ ಕಡಿಮೆ. ಸೀಟಿನ ಒತ್ತಡ ಲೆಕ್ಕಕ್ಕೆ ಸಿಗುವಷ್ಟು ಇಳಿಯಬೇಕಾದರೆ 30 ಡಿಗ್ರಿಗಿಂತ ಹೆಚ್ಚು ವಾಲಿಸಬೇಕು. ಓಡಾಟಕ್ಕೆ ಬೇಕಾದದ್ದು ಬೇರೆ, 5ರಿಂದ 10 ಡಿಗ್ರಿ ಸಾಕು. ಯಾಕೆಂದರೆ ಹಿಮ್ಮಡಿ ಊರಿ ಕುರ್ಚಿಯನ್ನು ಎಳೆಯುವುದು ತೊಡೆಯ ಹಿಂಬದಿಯ ಸ್ನಾಯು. ಪ್ರತಿ ಹೆಜ್ಜೆಗೂ ಅದು ಸೊಂಟವನ್ನೂ ಮುಂದಕ್ಕೆ ಎಳೆಯುತ್ತದೆ. ಸೀಟಿನ ಹಿಂಭಾಗ ತುಸು ತಗ್ಗಿದ್ದರೆ ಸೊಂಟ ಅಲ್ಲೇ ನಿಲ್ಲುತ್ತದೆ, ಕತ್ತು ಮೇಲೇಳುತ್ತದೆ, ಎದುರಿನವರ ಮುಖ ಕಾಣುತ್ತದೆ.

ಆದರೆ ಸೀಟು ಎಲ್ಲಿ ತಿರುಗುತ್ತದೆ? ನನ್ನ ಮಟ್ಟಿಗೆ ಇಡೀ ಕುರ್ಚಿಯ ಯೋಗ್ಯತೆ ಈ ಪ್ರಶ್ನೆಯಲ್ಲಿದೆ. ಸೀಟಿನ ಆಳ 40 ಸೆಂ.ಮೀ., ತಿರುಗಣೆ ನಟ್ಟನಡುವೆ ಎಂದಿಟ್ಟುಕೊಳ್ಳಿ. 20 ಡಿಗ್ರಿ ವಾಲಿಸಿದರೆ ಮುಂದಿನ ಅಂಚು ಸುಮಾರು 7 ಸೆಂ.ಮೀ. ಮೇಲೇಳುತ್ತದೆ, ಪಾದ ನೆಲ ಬಿಟ್ಟಿತು, ಓಡಾಟ ಮುಗಿಯಿತು. ತಿರುಗಣೆ ಮಂಡಿಯ ಹತ್ತಿರವಿದ್ದರೆ ಮುಂದಿನ ಅಂಚು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹಿಂಭಾಗ 14 ಸೆಂ.ಮೀ. ಕೆಳಗಿಳಿಯುತ್ತದೆ. ಪಾದ ನೆಲದಲ್ಲೇ. ಆದರೆ ಭಾರ ಹಿಂದಕ್ಕೆ ಸರಿಯುವುದರಿಂದ ಹಿಂಗಾಲಿಗಳನ್ನು ದೂರಕ್ಕೆ ಒಯ್ಯಬೇಕು. ಆಗ ನೆಟ್ಟಗೆ ಕೂತಾಗ ಮುಂಗಾಲಿಗಳ ಮೇಲೆ ಹೊರೆ ಹೆಚ್ಚಿ ತಳ್ಳುವುದು ಕಷ್ಟ, ಕೈಗೆ ಚಕ್ರದ ಬಳೆಯೂ ಸರಿಯಾಗಿ ಎಟುಕದು. ಬಳೆಯ ನೆತ್ತಿ ಹಿಡಿದಾಗ ಮೊಣಕೈಯ ಒಳಕೋನ 100ರಿಂದ 120 ಡಿಗ್ರಿ ಇರಬೇಕೆಂಬುದು ರೂಢಿಯ ಅಳತೆ. ದೇಹದ ಭಾರಕೇಂದ್ರದ ಸುತ್ತಲೇ ಸೀಟು ತಿರುಗುವಂತೆ ಕಮಾನು ಹಳಿ ಕೂರಿಸಿದ ಚೌಕಟ್ಟುಗಳು ಬಂದದ್ದು ಈ ತೊಡಕಿಗಾಗಿ. ಅವುಗಳಲ್ಲಿ ಭಾರ ಸರಿಯದು, ತಳ ಗಿಡ್ಡವಾಗಿಯೇ ಇರಬಹುದು. ಮಂಡಿ ಮಾತ್ರ ಮೇಲೇಳುತ್ತದೆ. ತಾವೇ ಕೈಯಿಂದ ಚಕ್ರ ತಿರುಗಿಸುವವರಿಗೆ ಇದು, ಕಾಲಿನಿಂದ ಹೋಗುವವರಿಗೆ ಮಂಡಿಯ ತಿರುಗಣೆ.

ಕುರ್ಚಿ ಸರಿಯಿದ್ದೂ ಕೆಡುವುದುಂಟು. ಟಿಲ್ಟ್ ಬಿಡಿಸುವ ಲಿವರ್ ಸಾಮಾನ್ಯವಾಗಿ ಹಿಂದೆ, ತಳ್ಳುವವರ ಹಿಡಿಯಲ್ಲಿರುತ್ತದೆ. ಊಟದ ನಂತರ ವಾಲಿಸಿದವರು ನೆಟ್ಟಗೆ ಮಾಡಲು ಮರೆತರೆ ಅದು ಮತ್ತೆ ಜೆರಿ ಚೇರೇ. ವಾಲಿದ ಕುರ್ಚಿಯಿಂದ ಎದ್ದು ನಿಲ್ಲುವುದು ಬಲವಿದ್ದವರಿಗೂ ಕಷ್ಟ. ಲಿವರ್‌ನ ಕೇಬಲ್ ಸಡಿಲಗೊಂಡರೆ ಒಂದು ಬದಿ ಮಾತ್ರ ಬಿಡಿಸಿಕೊಂಡು ಸೀಟು ಸಿಕ್ಕಿಹಾಕಿಕೊಳ್ಳುತ್ತದೆ. ಫುಟ್‌ರೆಸ್ಟ್ ತೆಗೆದಿಡದಿದ್ದರೆ ಹಿಮ್ಮಡಿ ಹಿಂದಕ್ಕೆ ಬರದು.

ನಮ್ಮಲ್ಲಿ 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಹಿರಿಯರಿಗೆ ಉಚಿತವಾಗಿ ಕೊಡುವ ಸಾಧನಗಳಲ್ಲಿ ಗಾಲಿಕುರ್ಚಿಯೂ ಇದೆ. ಆದರೆ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಆ ಹಳೆಯ ಮಡಚುವ ಅಚ್ಚೇ. ಅದನ್ನು ತಗ್ಗಿಸಿಕೊಡಿ ಎನ್ನುವವರಿದ್ದಾರೆ. 24 ಇಂಚಿನ ಹಿಂಗಾಲಿ ತೆಗೆದು 20 ಇಂಚಿನದು ಹಾಕಿದರೆ ಹಿಂಭಾಗ 5 ಸೆಂ.ಮೀ. ಇಳಿಯುತ್ತದೆ, 8 ಇಂಚಿನ ಮುಂಗಾಲಿಗೆ ಬದಲು 5 ಇಂಚಿನದು ಹಾಕಿದರೆ ಮುಂಭಾಗ 3.8 ಸೆಂ.ಮೀ. ತುಸು ಹಿಂವಾಲು ತಾನಾಗಿ ಸಿಗುತ್ತದೆ, ಬ್ರೇಕನ್ನು ಚಕ್ರಕ್ಕೆ ತಾಗುವಂತೆ ಮತ್ತೆ ಕೂರಿಸಬೇಕು. ಹಿಂದಿನದನ್ನು ಮಾತ್ರ ಬದಲಿಸಿದರೆ ಮುಂಗಾಲಿಯ ಕಡ್ಡಿಯೂ ವಾಲಿ, ತಿರುವಿನಲ್ಲಿ ಕುರ್ಚಿ ಮೊಂಡು ಹಿಡಿಯುತ್ತದೆ. ಇಷ್ಟೆಲ್ಲ ಮಾಡಿಯೂ ಸೀಟು 46 ಸೆಂ.ಮೀ. ಎತ್ತರದಲ್ಲೇ ಇರುತ್ತದೆ, ದಿಂಬಿನ 4 ಕಳೆದರೆ ನಮ್ಮ ಅಜ್ಜಿಗೆ ಬೇಕಿದ್ದದ್ದು 34. ಮೇಲಾಗಿ 5 ಇಂಚಿನ ಗಾಲಿ ಹಳೆಮನೆಯ ಹೊಸ್ತಿಲು ಹತ್ತುವುದಿಲ್ಲ.