ಪ್ಯಾನೆಲ್ ಸ್ಪೀಕರೋ, ಕೋನ್ ಸ್ಪೀಕರೋ? ಗೋಡೆ ಲೆಕ್ಕದಲ್ಲಿ ಎಡವಿದವನ ಟಿಪ್ಪಣಿ

ಮಂಡ್ಯದಲ್ಲಿ ಅಕ್ಕನ ಮನೆ. ಭಾವ ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಜೊತೆ ಪ್ಯಾನೆಲ್ ಸ್ಪೀಕರ್ ತಂದಿದ್ದರು. ಎದೆಯೆತ್ತರ ಇವೆ, ದಪ್ಪ ಮಾತ್ರ ಎರಡು ಇಂಚೂ ಇಲ್ಲ. ಅಕ್ಕ ನೋಡಿದವಳೇ "ಇದೇನು, ಸೊಳ್ಳೆ ಪರದೆ ಬಾಗಿಲಾ?" ಎಂದಳು. ಮಕ್ಕಳು ಓಡಾಡುವ ಹಾಲ್. ಹಾಗಾಗಿ ಗೋಡೆಯಿಂದ ಒಂದೇ ಅಡಿ ಬಿಟ್ಟು ನಿಲ್ಲಿಸಿದ್ದರು.

ವೀಣೆ ಹಾಕಿದೆವು. ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳಿತು. ಆದರೆ ಮೃದಂಗದ ಎಡಗಡೆಯ ಗುಮ್ ಸದ್ದು ನಾಪತ್ತೆ. "ಏನೋ ಇದು, ಹಳೇ ಟೇಪ್ ರೆಕಾರ್ಡರಲ್ಲೇ ಇದಕ್ಕಿಂತ ಜಾಸ್ತಿ ಗುಮ್ ಅಂತಿತ್ತು" ಎಂದರು ಭಾವ. ನಾನು ದೊಡ್ಡ ತಿಳಿದವನ ಹಾಗೆ "ಇನ್ನೂ ಗೋಡೆಗೆ ಒತ್ತಿ ಭಾವ, ಬೇಸ್ ಬರುತ್ತೆ" ಎಂದೆ. ಒತ್ತಿದರು. ಇದ್ದದ್ದೂ ಹೋಯಿತು.

ನನ್ನ ಮಾತು ಯಾಕೆ ಉಲ್ಟಾ ಹೊಡೆಯಿತು ಎಂದು ತಿಳಿಯಲು ಎರಡು ವಾರ ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಒಳಗೆ ಏನಿದೆ

ಕೋನ್ ಸ್ಪೀಕರ್ ನಮಗೆಲ್ಲ ಗೊತ್ತಿರುವುದೇ. ಅಯಸ್ಕಾಂತದ ಸಂದಿಯಲ್ಲಿ ತಂತಿಸುರುಳಿ, ಅದಕ್ಕೆ ಅಂಟಿದ ಕೋನ್, ಹಿಂದೆ ಮರದ ಡಬ್ಬ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ರೈಸ್ ಮತ್ತು ಕೆಲ್ಲಾಗ್ 1925ರಲ್ಲಿ ತೋರಿಸಿಕೊಟ್ಟ ವಿಧಾನವೇ ಇವತ್ತಿಗೂ ನಡೆಯುತ್ತಿದೆ.

ಪ್ಯಾನೆಲ್‌ನಲ್ಲಿ ಕೋನೂ ಇಲ್ಲ, ಡಬ್ಬವೂ ಇಲ್ಲ. ಬಿಗಿದ ತೆಳು ಪ್ಲಾಸ್ಟಿಕ್ ಹಾಳೆ ಇಡಿಯಾಗಿ ಹಿಂದೆ ಮುಂದೆ ಅಲುಗುತ್ತದೆ. ಇದರಲ್ಲಿ ಎರಡು ಜಾತಿ. ಹಾಳೆಯ ಮೇಲೆ ತಂತಿ ಅಂಟಿಸಿ ಎದುರಿಗೆ ಅಯಸ್ಕಾಂತದ ಪಟ್ಟಿಗಳನ್ನು ಕೂರಿಸಿದ್ದು ಒಂದು. ಮ್ಯಾಗ್ನೆಪ್ಯಾನ್ ಕಂಪನಿಯದು ಈ ಜಾತಿ. ಹಾಳೆಗೆ ಸಾವಿರಾರು ವೋಲ್ಟ್ ಕೊಟ್ಟು ಎರಡು ಜಾಲರಿಗಳ ನಡುವೆ ಎಳೆದಾಡಿಸುವುದು ಇನ್ನೊಂದು, ಅದು ಎಲೆಕ್ಟ್ರೋಸ್ಟಾಟಿಕ್. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಕಂಪನಿ 1957ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು ಇದನ್ನೇ. ಭಾವನದು ಮೊದಲನೆಯ ಜಾತಿ.

ಮೊರದ ಲೆಕ್ಕ

ನಾನು ಎಡವಿದ್ದು ಇಲ್ಲಿ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪ್ಯಾನೆಲ್ ಅಂದರೆ ಒಂದು ಮೊರ ಅಂದುಕೊಳ್ಳಿ. ಮೊರವನ್ನು ಮುಂದಕ್ಕೆ ತಳ್ಳಿದರೆ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣಕ್ಕೆ ಹಿಂದೆ ಗಾಳಿ ಸಡಿಲವಾಗುತ್ತದೆ. ಅಂದರೆ ಹಿಂದಿನಿಂದ ಹೊರಡುವ ಶಬ್ದ ಮುಂದಿನದರ ತದ್ವಿರುದ್ಧ. ನಿಧಾನಕ್ಕೆ ಬೀಸಿದರೆ ಮುಂದಿನ ಗಾಳಿ ಅಂಚು ಬಳಸಿ ಹಿಂದಕ್ಕೆ ಜಾರಿಕೊಳ್ಳುತ್ತದೆ, ಒಂದನ್ನೊಂದು ತಿಂದುಹಾಕುತ್ತದೆ. ಬೇಸ್ ಅಂದರೆ ನಿಧಾನದ ಬೀಸು ತಾನೇ? 40 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ 40 ಸಲ ಅಲುಗುವ) ಅಲೆ ಸುಮಾರು 8.6 ಮೀಟರ್ ಉದ್ದ. ಅಷ್ಟು ದೊಡ್ಡ ಅಲೆಗೆ ಒಂದೂವರೆ ಅಡಿ ಅಗಲದ ಪ್ಯಾನೆಲ್ ಯಾವ ಅಡ್ಡಿ? ಕೋನ್ ಸ್ಪೀಕರಿಗೆ ಡಬ್ಬ ಇರುವುದೇ ಈ ಹಿಂದಿನ ಶಬ್ದವನ್ನು ಕೂಡಿಹಾಕಲಿಕ್ಕೆ.

ಇಷ್ಟು ನನಗೆ ಬೇಗ ಹೊಳೆಯಿತು. ಗೊಂದಲ ಶುರುವಾದದ್ದು ಗೋಡೆ ಬಂದಾಗ. ಅಂಚು ಬಳಸಿ ಬರುವ ಶಬ್ದ ಒಂದು, ಹಿಂದಿನ ಗೋಡೆಗೆ ಬಡಿದು ವಾಪಸ್ ಬರುವ ಶಬ್ದ ಇನ್ನೊಂದು. ನಾನು ಎರಡನ್ನೂ ಕಲಸಿಕೊಂಡು ಕೂತಿದ್ದೆ. ಮೊದಲನೆಯದು ಪ್ಯಾನೆಲ್‌ನ ಹುಟ್ಟುಗುಣ, ಹಾಳೆಯ ಬಿಗಿತ ಹೊಂದಿಸಿ ಕಂಪನಿಯವರೇ ಒಂದಷ್ಟು ಸರಿತೂಗಿಸಿರುತ್ತಾರೆ. ನಮ್ಮ ಕೈಯಲ್ಲಿರುವುದು ಎರಡನೆಯದು ಮಾತ್ರ.

ಈಗ ಗೋಡೆ. ಒತ್ತಿದ ಗಾಳಿಗೆ ಪ್ಲಸ್, ಸಡಿಲ ಗಾಳಿಗೆ ಮೈನಸ್ ಎಂದಿಟ್ಟುಕೊಳ್ಳಿ. ಡಬ್ಬದ ಸ್ಪೀಕರಿನ ಬೇಸ್ ಎಲ್ಲ ದಿಕ್ಕಿಗೂ ಒಂದೇ ಚಿಹ್ನೆಯಲ್ಲಿ ಹರಡುತ್ತದೆ. ಪ್ಲಸ್ ಹೋಗಿ ಗೋಡೆಗೆ ಬಡಿದು ಪ್ಲಸ್ ಆಗಿಯೇ ಬರುತ್ತದೆ. ಗೋಡೆ ಹತ್ತಿರವಿದ್ದರೆ ತಡ ಕಡಿಮೆ, ಎರಡೂ ಕೂಡಿಕೊಂಡು ಬೇಸ್ ಗುಮ್ ಅನ್ನುತ್ತದೆ. ಪ್ಯಾನೆಲ್‌ನ ಹಿಂಬದಿ ಮೈನಸ್. ಗೋಡೆ ಆ ಚಿಹ್ನೆ ಬದಲಿಸುವುದಿಲ್ಲ. (ನಾನು ಬದಲಿಸುತ್ತದೆ ಅಂದುಕೊಂಡಿದ್ದೆ. ತಪ್ಪಿನ ಬುಡ ಇದೇ.) ಮೈನಸ್ ಹೋಗಿ ಮೈನಸ್ ಆಗಿಯೇ ಬರುತ್ತದೆ. ಗೋಡೆ ಹತ್ತಿರವಿದ್ದಷ್ಟೂ ಮುಂದಿನ ಪ್ಲಸ್ಸನ್ನು ನೀಟಾಗಿ ಅಳಿಸುತ್ತದೆ. ದೂರ ಸರಿಸಿದರೆ ಆ ಮೈನಸ್ ತಡವಾಗಿ ಬರುತ್ತದೆ. ಅರ್ಧ ಅಲೆಯಷ್ಟು ತಡವಾದರೆ ಅಷ್ಟರಲ್ಲಿ ಮುಂದಿನದೂ ಮೈನಸ್ ಆಗಿರುತ್ತದೆ, ಎರಡೂ ಕೂಡಿಕೊಳ್ಳುತ್ತವೆ. ಅಲ್ವಾ?

ಇದಕ್ಕೆ ಒಂದು ಅಡ್ಡದಾರಿ ಮಾಡಿಕೊಂಡಿದ್ದೇನೆ. ಗೋಡೆಯಿಂದ ಪ್ಯಾನೆಲ್‌ಗೆ ಇರುವ ದೂರವನ್ನು ಮೀಟರಿನಲ್ಲಿ ಅಳೆಯಿರಿ. 29ನ್ನು ಆ ದೂರದಿಂದ ಭಾಗಿಸಿ. ಬಂದ ಹರ್ಟ್ಜ್‌ಗಿಂತ ಕೆಳಗೆ ಗೋಡೆ ಕಳ್ಳ, ಅದರಿಂದ ಮೇಲೆ ಒಂದಷ್ಟು ದೂರ ಗೋಡೆ ನೆಂಟ. ಹೇಗೆ ಬಂತು? ಹೋಗಿಬರುವ ದಾರಿ ಅಲೆಯ ಆರನೇ ಒಂದು ಭಾಗ ಆದಾಗ ಗೋಡೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೋಗಿಬರುವುದು ಅಂದರೆ ದೂರದ ಎರಡರಷ್ಟು. ಹಾಗಾಗಿ ಅಲೆ ದೂರದ ಹನ್ನೆರಡರಷ್ಟು. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು 12ರಿಂದ ಭಾಗಿಸಿದರೆ ಸುಮಾರು 29. ಗೋಡೆ ಕನ್ನಡಿಯ ಹಾಗೆ ಪೂರ್ತಿ ವಾಪಸ್ ಕಳಿಸುತ್ತದೆ ಎಂದು ಹಿಡಿದ ಲೆಕ್ಕ ಇದು. ಕಿಟಕಿ, ಬಾಗಿಲು ಇದ್ದರೆ ಒಂದಿಷ್ಟು ಆಚೀಚೆ ಆಗುತ್ತದೆ.

ಭಾವನ ಮನೆಯಲ್ಲಿ ಒಂದಡಿ, ಅಂದರೆ 0.3 ಮೀಟರ್. ಸುಮಾರು 95 ಹರ್ಟ್ಜ್ ಬಂತು. ಅದರ ಕೆಳಗಿನದೆಲ್ಲ ಗೋಡೆ ಪಾಲು. ಅದನ್ನು ಅರ್ಧ ಅಡಿಗೆ ಒತ್ತಿಸಿದ್ದು ನಾನು, ಗಡಿ 190ಕ್ಕೆ ಹೋಯಿತು. ಒಂದು ಮೀಟರ್ ಮುಂದಕ್ಕೆ ತಂದರೆ 29. ಮೃದಂಗದ ಎಡಗಡೆ ಆರಾಮಾಗಿ ಬದುಕುತ್ತದೆ.

ಪೂರ್ತಿ ಬದುಕುವುದಿಲ್ಲ, ಇನ್ನೊಂದು ತೊಡಕಿದೆ. ಒಂದು ಮೀಟರಿಗೆ ಪ್ಯಾನೆಲ್ ಶಬ್ದ 86 ಹರ್ಟ್ಜ್‌ನಲ್ಲಿ ಉಬ್ಬುತ್ತದೆ, 172ರಲ್ಲಿ ಗುಂಡಿ ಬೀಳುತ್ತದೆ. ಡಬ್ಬದ ಸ್ಪೀಕರಿಗೆ ಅದೇ ದೂರದಲ್ಲಿ ಸರಿಯಾಗಿ ಉಲ್ಟಾ. ಫೋನಿನಲ್ಲಿ ಟೋನ್ ಜನರೇಟರ್ ಹಾಕಿ ಒಂದೊಂದೇ ಹರ್ಟ್ಜ್ ಏರಿಸುತ್ತಾ ಹೋದರೆ ಕಿವಿಗೇ ಗೊತ್ತಾಗುತ್ತದೆ.

ವಾಟ್ ವಿಷಯ

ಭಾವನ ಪ್ಯಾನೆಲ್‌ನ ವಿವರಪತ್ರದಲ್ಲಿ "86 ಡೆಸಿಬಲ್, 2.83 ವೋಲ್ಟ್, 4 ಓಮ್" ಎಂದಿತ್ತು. ಡೆಸಿಬಲ್ ಅಂದರೆ ಶಬ್ದದ ಜೋರಿನ ಅಳತೆ, ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. 2.83 ವೋಲ್ಟ್ 8 ಓಮ್‌ಗೆ ಒಂದು ವಾಟ್, 4 ಓಮ್‌ಗೆ ಎರಡು. ಹಾಗಾಗಿ ವಾಟಿಗೆ ನಿಜಕ್ಕೂ 83 ಡೆಸಿಬಲ್ ಅಷ್ಟೇ. 8 ಓಮ್‌ನ 89 ಡೆಸಿಬಲ್ ಡಬ್ಬಕ್ಕೂ ಇದಕ್ಕೂ ಆರು ಡೆಸಿಬಲ್ ಅಂತರ, ಅಂದರೆ ನಾಲ್ಕು ಪಟ್ಟು ಪವರ್. ಸಣ್ಣ ಆಂಪ್ಲಿಫೈಯರ್ ಇಟ್ಟುಕೊಂಡು ಪ್ಯಾನೆಲ್ ಆಸೆ ಬೇಡ. 4 ಓಮ್ ತಾಳುತ್ತದಾ ಎಂದು ಆಂಪ್ಲಿಫೈಯರಿನ ಬೆನ್ನ ಮೇಲೆ ನೋಡಿ. ಎಲೆಕ್ಟ್ರೋಸ್ಟಾಟಿಕ್ ಆದರೆ ಇನ್ನೂ ರಗಳೆ. ಅದು ಕೆಪ್ಯಾಸಿಟರ್ ಇದ್ದ ಹಾಗೆ, ಸ್ವರ ಮೇಲೇರಿದಂತೆ ಓಮ್ ಇಳಿಯುತ್ತಾ ಹೋಗುತ್ತದೆ. ಜೊತೆಗೆ ಪ್ರತಿ ಸ್ಪೀಕರಿಗೂ ಗೋಡೆಯ ಪ್ಲಗ್ ಬೇಕು, ಧೂಳನ್ನೂ ಎಳೆದುಕೊಳ್ಳುತ್ತದೆ.

ಕೂರುವ ಜಾಗ

ಪ್ಯಾನೆಲ್‌ನ ಪಕ್ಕಕ್ಕೆ, ಅಂಚಿನ ನೇರಕ್ಕೆ ನಿಂತು ನೋಡಿ. ಶಬ್ದ ಕುಗ್ಗಿಹೋಗುತ್ತದೆ, ಮುಂದಿನದೂ ಹಿಂದಿನದೂ ಅಲ್ಲಿ ವಜಾ. ಅಂದರೆ ಪಕ್ಕದ ಗೋಡೆಗಳಿಗೆ ಬಡಿಯುವುದೇ ಕಡಿಮೆ. ಕೆಂಪು ಗಾರೆ ನೆಲ, ಬೋಳು ಗೋಡೆಯ ನಮ್ಮ ಕಡೆಯ ಹಾಲ್‌ಗಳಲ್ಲಿ ಇದು ದೊಡ್ಡ ಲಾಭ. ವೀಣೆ ಅಷ್ಟು ಬಿಡಿಯಾಗಿ ಕೇಳಿದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು. ಆದರೆ ಅಗಲದ ಹಾಳೆಯಿಂದ ಮೇಲಿನ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ. ನಡುವೆ ಒಂದು ಕುರ್ಚಿಗೆ ಸ್ವರ್ಗ. ದಿವಾನದ ತುದಿಯಲ್ಲಿ ಕೂತವರಿಗೆ ಉಳಿದಿದ್ದು. ನಾಲ್ಕು ಜನ ಕೂತು ಕೇಳುವ ಮನೆಗೆ ಕೋನ್ ವಾಸಿ. ತಮಟೆ, ಡೊಳ್ಳು ಜೋರಾಗಿ ಬೇಕೆಂದರೂ ಕೋನೇ. ಆ ಹಾಳೆ ಅಷ್ಟು ದೂರ ಅಲುಗಲಾರದು.

ಕೊನೆಗೆ ಆದದ್ದು

ಭಾವ ನೆಲದ ಮೇಲೆ ಇನ್ಸುಲೇಷನ್ ಟೇಪಿನಿಂದ ಎರಡು ಗುರುತು ಹಾಕಿದ್ದಾರೆ, ಗೋಡೆಯಿಂದ ಮೂರೂಕಾಲು ಅಡಿಗೆ. ಮಕ್ಕಳು ಮಲಗಿದ ಮೇಲೆ ಪ್ಯಾನೆಲ್‌ಗಳನ್ನು ಎತ್ತಿ ಅಲ್ಲಿಗೆ ತರುತ್ತಾರೆ. ಹಾಡು ಮುಗಿದ ಮೇಲೆ ವಾಪಸ್ ಗೋಡೆಗೆ. ಮೈಸೂರಿನ ಕುವೆಂಪುನಗರದಲ್ಲಿ ನನ್ನ ಬಾಡಿಗೆ ರೂಮು ಹತ್ತಡಿಗೆ ಹನ್ನೊಂದಡಿ. ಮೂರೂಕಾಲು ಅಡಿ ಬಿಟ್ಟರೆ ಸ್ಪೀಕರ್ ನನ್ನ ಮಂಚದ ಮೇಲೇ ಬರುತ್ತದೆ. ಐದೂವರೆ ಇಂಚಿನ ಕೋನ್ ಇರುವ, ರಂಧ್ರವಿಲ್ಲದ ಮುಚ್ಚಿದ ಡಬ್ಬದ ಜೋಡಿ ನೋಡಿಟ್ಟಿದ್ದೇನೆ. ಅದರ ಬೇಸ್ ನಿಧಾನಕ್ಕೆ ಇಳಿಯುತ್ತದೆ, ಗೋಡೆ ಅದನ್ನು ಎತ್ತಿ ಕೊಡುತ್ತದೆ. ಕೋನಿನ ಅಂಚು ರಬ್ಬರಿನದು ಇರಬೇಕು ಎಂದು ಅಂಗಡಿಯವರಿಗೆ ಹೇಳಿದ್ದೇನೆ, ಫೋಮ್ ಅಂಚು ವರ್ಷಗಳು ಕಳೆದಂತೆ ಪುಡಿಪುಡಿಯಾಗುತ್ತದೆ.